ಒದೆಯುವವನ ಸೊಂಟ

ನಮ್ಮ ಬಚ್ಚಲುಮನೆಯ ಕಿಟಕಿಯಲ್ಲಿ ಹಲ್ಲುಜ್ಜುವ ಬ್ರಶ್ಶುಗಳು, ಗಡ್ಡದ ಸೋಪು, ಮೂಲೆ ಒಡೆದ ಕನ್ನಡಿ ಇವುಗಳ ನಡುವೆ ಒಂದು ಕಪ್ಪು ರಬ್ಬರಿನ ತುಂಡು ಕೂತಿರುತ್ತದೆ. ಹೆಬ್ಬೆರಳಿಗಿಂತ ದಪ್ಪ, ನಡುವೆ ತೂತು, ಒಂದು ಮಗ್ಗುಲು ಸವೆದು ನುಣ್ಣಗಾಗಿದೆ. ಹಿಂದೊಮ್ಮೆ ಬಂದ ನೆಂಟರೊಬ್ಬರು ಅದನ್ನು ಹಿಮ್ಮಡಿ ತಿಕ್ಕುವ ಸಾಮಾನು ಎಂದು ತಿಳಿದು ಚೆನ್ನಾಗಿ ತಿಕ್ಕಿಕೊಂಡು ಹೊರಗೆ ಬಂದು, "ಕಲ್ಲಿಗಿಂತ ಇದೇ ಬೆಸ್ಟು ಮಾರಾಯ್ರೆ. ಯಾವ ಅಂಗಡೀಲಿ ಸಿಗ್ತದೆ?" ಎಂದು ಕೇಳಿದರು. ನಾನು ನಿಜ ಹೇಳಲಿಲ್ಲ. ಅವರು ತಿಕ್ಕಿಕೊಂಡದ್ದು ನನ್ನ ಹಳೇ ಬೈಕಿನ ಕಿಕ್ಕರಿನ ರಬ್ಬರು ಎಂದು ಆಗಷ್ಟೇ ಸ್ನಾನ ಮಾಡಿ ಬಂದವರಿಗೆ ಹೇಳುವುದು ಹೇಗೆ?

ನನ್ನ ಹೆಂಡತಿ ಸುಮಿತ್ರಾ ಬಚ್ಚಲು ತೊಳೆಯುವಾಗಲೆಲ್ಲ ಅದನ್ನು ಎತ್ತಿ, "ಇದು ಈ ಸಲ ಕಸಕ್ಕೆ" ಎನ್ನುತ್ತಾಳೆ. ತೊಳೆದು ಮುಗಿಸಿದ ಮೇಲೆ ಅದು ಮತ್ತೆ ಕಿಟಕಿಯಲ್ಲೇ ಇರುತ್ತದೆ. ಅದಕ್ಕೆ ಕಾರಣವಿದೆ. ಕಾರಣಕ್ಕೆ ಬರುವ ಮೊದಲು ಆ ರಬ್ಬರನ್ನು ಸವೆಸಿದ ನನ್ನ ಬಲಗಾಲಿನ ಬಗ್ಗೆ ನಿಮಗೆ ಸ್ವಲ್ಪ ಹೇಳಬೇಕು. ನನ್ನಲ್ಲಿ ಹೇಳಿಕೊಳ್ಳುವಂಥದ್ದು ಅಂತ ಇರುವುದು ಅದೊಂದೇ.

ನಾನು ಕಾಲು ಮುಂದಾಗಿ ಹುಟ್ಟಿದವನು. ಕುಮಟೆಯ ಪಕ್ಕದ ನಮ್ಮ ಹೊಳನಗದ್ದೆಯಲ್ಲಿ ಈ ಸುದ್ದಿ ನಾನು ಕಣ್ಣು ಬಿಡುವ ಮೊದಲೇ ಹಬ್ಬಿತ್ತಂತೆ. ಅಮ್ಮ ಅದನ್ನು ಬಂದವರಿಗೆಲ್ಲ ಹೇಳುತ್ತಿದ್ದಳು: "ಉಳ್ದ ಮಕ್ಕಳು ಮೊದ್ಲು ತಲೆ ಹಾಕಿ ನೋಡ್ಕಂಡು ಬರ್ತವೆ. ಇವ ಬಸ್ಸಿಂದ ಇಳ್ದಾಂಗೆ ಕಾಲ್ ಹಾಕ್ದ." ಹೆರಿಗೆ ಮಾಡಿಸಿದ ಸೂಲಗಿತ್ತಿ ನನ್ನನ್ನು ಉಪಚರಿಸುವುದು ಬಿಟ್ಟು ತನ್ನ ಸೊಂಟಕ್ಕೆ ನನ್ನ ಪಾದ ಒತ್ತಿಸಿಕೊಂಡಳಂತೆ. ನನ್ನ ಮೊದಲ ಗಿರಾಕಿ ಅವಳೇ.

ಏಕೆಂದರೆ ನಮ್ಮ ಕಡೆ ಒಂದು ನಂಬಿಕೆಯುಂಟು. ಸೊಂಟ ಹಿಡಿದುಕೊಂಡರೆ, ಬೆನ್ನು ಉಳುಕಿದರೆ, ಕಾಲು ಮುಂದಾಗಿ ಹುಟ್ಟಿದವರಿಂದ ಆ ಜಾಗಕ್ಕೆ ಒದೆಸಿಕೊಂಡರೆ ಬಿಟ್ಟುಹೋಗುತ್ತದೆ. ಒದೆ ಎಂದರೆ ಚೆಂಡಿಗೆ ಹೊಡೆಯುವ ಹಾಗಲ್ಲ; ಪಾದದಿಂದ ಮೆಲ್ಲಗೆ ಮೂರು ಸಲ ತಟ್ಟುವುದು. ಅದಕ್ಕೆ ಕಟ್ಟಳೆಗಳೂ ಉಂಟು. ಬೆಳಿಗ್ಗೆ ಚಾ ಕುಡಿಯುವುದಕ್ಕೆ ಮೊದಲು ಬರಬೇಕು. ಒದ್ದವರು ದುಡ್ಡು ಮುಟ್ಟಬಾರದು. ಒದೆಸಿಕೊಂಡವರು ಹಿಂದೆ ತಿರುಗಿ ನೋಡದೆ ಹೊರಟುಹೋಗಬೇಕು. ಅಮ್ಮ ನನಗೆ ಹೇಳಿಕೊಟ್ಟದ್ದು ಇಷ್ಟು.

ಹೀಗಾಗಿ ನನ್ನ ಬಾಲ್ಯದ ಬೆಳಗುಗಳು ಬೇರೆ ಮಕ್ಕಳ ಹಾಗಿರಲಿಲ್ಲ. ನಿದ್ದೆಗಣ್ಣಿನಲ್ಲೇ ಅಮ್ಮ ನನ್ನನ್ನು ಎತ್ತಿ ತಂದು ಜಗಲಿಯಲ್ಲಿ ನಿಲ್ಲಿಸುತ್ತಿದ್ದಳು. ಎದುರಿಗೆ ಯಾರದೋ ಬೆನ್ನು ಇರುತ್ತಿತ್ತು. ಒದ್ದು ಮತ್ತೆ ಹೋಗಿ ಮಲಗುತ್ತಿದ್ದೆ. ಊರಿನ ಎಷ್ಟೋ ಜನರನ್ನು ನಾನು ಮುಖಕ್ಕಿಂತ ಮೊದಲು ಬೆನ್ನಿನಿಂದಲೇ ಗುರುತು ಹಿಡಿಯುತ್ತಿದ್ದೆ. ಒಮ್ಮೆ ಶಾಲೆಯಲ್ಲಿ ಮಗ್ಗಿ ಬಾರದ್ದಕ್ಕೆ ಮಾಸ್ತರರು ನನ್ನ ಅಂಗೈಗೆ ಬಾರಿಸಿದರು. ಮರುದಿನ ಬೆಳಿಗ್ಗೆ ಜಗಲಿಯಲ್ಲಿ ನೋಡಿದರೆ ಅವರದೇ ಬೆನ್ನು! "ಮೆಲ್ಲಗೆ ಹಾಂ" ಎಂದಳು ಅಮ್ಮ. ನನಗೆ ಅಷ್ಟೇನೂ ಮೆಲ್ಲಗೆ ಒದೆಯಲು ಆಗಲಿಲ್ಲ. ಮಾಸ್ತರರು ಹಿಂದೆ ತಿರುಗಿ ನೋಡುವ ಹಾಗಿರಲಿಲ್ಲವಲ್ಲ, ಹಾಗೇ ಹೋದರು. ಆಮೇಲೆ ಅವರು ನನಗೆ ಮಗ್ಗಿ ಕೇಳಿದ್ದು ನೆನಪಿಲ್ಲ.

ದೊಡ್ಡವನಾದ ಮೇಲೆ ಈ ಕಾಲಿಗೆ ಎರಡನೆಯ ಕೆಲಸ ಸಿಕ್ಕಿತು. ನಾನು ಔಷಧ ಕಂಪನಿಯೊಂದರ ಪ್ರತಿನಿಧಿಯಾಗಿ ಸೇರಿ ಒಂದು ಬೈಕು ಕೊಂಡೆ. ಈಗಿನ ಹಾಗೆ ಗುಂಡಿ ಒತ್ತಿದರೆ ಸ್ಟಾರ್ಟ್ ಆಗುವ ಜಾತಿಯಲ್ಲ ಅದು, ಒದೆಯಬೇಕು. ಬೇರೆಯವರು ಒದ್ದು ಒದ್ದು ಬೆವರಿದರೂ ಸುಮ್ಮನಿರುತ್ತಿದ್ದ ಗಾಡಿ ನನ್ನ ಒಂದು ಒದೆಗೆ ಹೊತ್ತಿಕೊಳ್ಳುತ್ತಿತ್ತು. ಆ ಒದೆಗಳಿಗೆ ಸವೆದ ಕಿಕ್ಕರಿನ ರಬ್ಬರನ್ನು ಬದಲಿಸಿದಾಗ ಹಳೆಯದು ಬಚ್ಚಲ ಕಿಟಕಿಗೆ ಬಂತು. ಊರವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಸೊಂಟಕ್ಕೇ ನಾಟುವ ಕಾಲು ಎಂಜಿನ್ನಿಗೆ ನಾಟದೆ ಇರುತ್ತದೆಯೇ?

ಕುಮಟಾ, ಹೊನ್ನಾವರ, ಭಟ್ಕಳ, ಈ ಮೂರು ತಾಲೂಕಿನ ಡಾಕ್ಟರರು ಮತ್ತು ಔಷಧದ ಅಂಗಡಿಗಳು ನನ್ನ ಪಾಲಿಗೆ. ನನ್ನ ಚೀಲದಲ್ಲಿ ಹೆಚ್ಚು ಜಾಗ ಹಿಡಿಯುತ್ತಿದ್ದದ್ದು ಬೆನ್ನುನೋವಿನ ಮುಲಾಮು. ಬೆಳಿಗ್ಗೆ ಮನೆಯಲ್ಲಿ ಪುಕ್ಕಟೆ ಒದೆ, ಹಗಲೆಲ್ಲ ರಸ್ತೆಯಲ್ಲಿ ಮುಲಾಮಿನ ಪ್ರಚಾರ. ಉಳಿದ ಕಡೆ ಚೆನ್ನಾಗಿ ಓಡುವ ಮುಲಾಮು ಕುಮಟೆಯಲ್ಲಿ ಮಾತ್ರ ಯಾಕೆ ಓಡುವುದಿಲ್ಲ ಎಂದು ಹುಬ್ಬಳ್ಳಿಯ ಮ್ಯಾನೇಜರರು ಪ್ರತೀ ಮೀಟಿಂಗಿನಲ್ಲೂ ತಲೆ ಕೆಡಿಸಿಕೊಳ್ಳುತ್ತಿದ್ದರು. ಕಾರಣ ನನ್ನ ಬೂಟಿನೊಳಗೇ ಇತ್ತು. ನಾನು ಬೂಟು ಹಿಂದೆ ಸರಿಸಿಕೊಂಡು ಕೂರುತ್ತಿದ್ದೆ.

ಬೈಕು ಬಂದ ಮೇಲೆ ನನ್ನ ಸೇವೆಯೂ ಸುಧಾರಿಸಿತು. ಸೊಂಟ ಹಿಡಿದುಕೊಂಡು ಕುಂಟುತ್ತ ಬಂದವರನ್ನು ಮತ್ತೆ ನಡೆಸಿಕೊಂಡು ಕಳಿಸುವುದು ನನಗೆ ಸರಿ ಕಾಣುತ್ತಿರಲಿಲ್ಲ. ಒದ್ದಾದ ಮೇಲೆ ಹಿಂದೆ ಕೂರಿಸಿಕೊಂಡು ಅವರ ಮನೆ ಬಾಗಿಲಿಗೆ ಬಿಟ್ಟು ಬರುತ್ತಿದ್ದೆ. ಜನ ಬಹಳ ಖುಷಿಪಟ್ಟರು. ಎಷ್ಟು ಖುಷಿ ಎಂದರೆ ಎಂಟು ಹತ್ತು ದಿನ ಬಿಟ್ಟು ಮತ್ತೆ ಬರುತ್ತಿದ್ದರು. ಅದರಲ್ಲೂ ನೆರೆಮನೆಯ ಬೀರಣ್ಣ. ಅವನ ಗದ್ದೆಮನೆ ಊರಿನ ಆಚೆ ತುದಿಗೆ, ಅವನು ಹೆಚ್ಚಾಗಿ ಇರುವುದು ಅಲ್ಲೇ. ಅವನ ಸೊಂಟ ಹಿಡಿಯುವುದೂ ಬಿಡುವುದೂ ನನಗೆ ಕ್ಯಾಲೆಂಡರಿನ ಹಾಗಾಗಿತ್ತು. ಇದನ್ನೆಲ್ಲ ನಾನು ನನ್ನ ಕಾಲಿನ ಕೀರ್ತಿ ಎಂದೇ ತಿಳಿದಿದ್ದೆ.

"ನಿಂಗೆಂತ ತೊಂದ್ರೆ ಸುಮಿತ್ರಾ, ಔಷಧ ಮನೇಲೇ ಉಂಟಲ್ಲ" ಎಂದು ಹೆಂಗಸರು ನನ್ನ ಹೆಂಡತಿಯನ್ನು ಕೆಣಕುತ್ತಿದ್ದರು. ಅವಳದ್ದು ಒಂದೇ ಉತ್ತರ: "ಹೌದು, ಗಂಡ ಒದ್ದ ಅಂತ ಊರ್ ತುಂಬಾ ಹೇಳ್ಸ್ಕಣೂಕೆ ನಂಗೆಂತ ಹುಚ್ಚನಾ?" ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಇನ್ನು ನನ್ನ ದೇಹದ ವಿಷಯ. ಬೈಕು ಓಡಿಸುವುದೇ ಒಂದು ವ್ಯಾಯಾಮ ಎಂಬುದು ನನ್ನ ಸಿದ್ಧಾಂತವಾಗಿತ್ತು. ಕ್ಲಚ್ಚಿಗೆ ಎಡಗೈ, ಬ್ರೇಕಿಗೆ ಬಲಗೈ, ಗೇರಿಗೆ ಎಡಗಾಲು, ಕಿಕ್ಕರಿಗೆ ಬಲಗಾಲು, ಹೆದ್ದಾರಿಯ ಹೊಂಡಗಳಿಗೆ ಉಳಿದೆಲ್ಲ ಅಂಗಗಳು. ಮತ್ತೇನು ಬೇಕು? ಬೆಳಿಗ್ಗೆ ಬಿಳೀ ಬೂಟು ಹಾಕಿಕೊಂಡು ಕೈ ಬೀಸುತ್ತ ನಡೆಯುವವರನ್ನು ಕಂಡರೆ ಪಾಪ ಅನ್ನಿಸಿ ಒಂದು ಹಾರ್ನ್ ಹೊಡೆದು ಮುಂದೆ ಹೋಗುತ್ತಿದ್ದೆ. ಹೊನ್ನಾವರದಲ್ಲಿ ಬನ್ಸು ಭಾಜಿ ತಿಂದು, ಭಟ್ಕಳದಲ್ಲಿ ಜಾಫರ್ ಭಾಯ್ ಅವರ ಔಷಧದಂಗಡಿಯಲ್ಲಿ ಕೂತು ಅವರ ಅಳಿಯ ದುಬೈಯಿಂದ ಕಳಿಸಿದ ಖರ್ಜೂರ ಜಗಿದು, ಶಾವಿಗೆ ಬಿರಿಯಾನಿ ಇದ್ದ ದಿನ ಅದನ್ನೂ ಮುಗಿಸಿ, ಸಂಜೆ ಮನೆಗೆ ಬಂದು ಬಂಗಡೆ ಸಾರಿಗೆ ಕೂರುತ್ತಿದ್ದೆ. ಹೊಟ್ಟೆ ಬಂತು. ಬರುತ್ತ ಬರುತ್ತ ಪೆಟ್ರೋಲ್ ಟ್ಯಾಂಕಿನ ಮೇಲೆ ಒಂದು ಸಣ್ಣ ಮಗುವನ್ನು ಕೂರಿಸಿಕೊಂಡ ಹಾಗೆ ಕಾಣತೊಡಗಿತು. ಅದನ್ನು ನಾನು ಗಾಳಿ ತುಂಬಿದ ರೇನ್‌ಕೋಟ್ ಎಂದು ಹೇಳಿಕೊಂಡು ಕೆಲವು ವರ್ಷ ಕಳೆದೆ.

ಬೈಕಿನವನ ಗಟ್ಟಿತನ ಗೊತ್ತಾಗುವುದು ಓಡಿಸುವಾಗ ಅಲ್ಲ, ನಿಲ್ಲಿಸುವಾಗ. ಸೈಡ್ ಸ್ಟ್ಯಾಂಡ್ ಹಾಕಿ ಗಾಡಿಯನ್ನು ವಾಲಿಸಿ ಹೋಗುವುದು ಯಾರಿಗೂ ಬರುತ್ತದೆ. ಡಬಲ್ ಸ್ಟ್ಯಾಂಡ್ ಹಾಕಬೇಕಾದರೆ ಇಡೀ ಗಾಡಿಯನ್ನು ಹಿಂದಕ್ಕೆ ಎತ್ತಿ ಎರಡು ಕಾಲಿನ ಮೇಲೆ ಕೂರಿಸಬೇಕು. ನಾನು ಎಲ್ಲಿ ಹೋದರೂ ಡಬಲ್ ಸ್ಟ್ಯಾಂಡ್. ಅಂಗಡಿಯ ಎದುರು ನನ್ನ ಗಾಡಿ ನೆಟ್ಟಗೆ ನಿಂತಿರುವುದನ್ನು ನೋಡಿಯೇ ಜಾಫರ್ ಭಾಯ್, "ನಾಯ್ಕರು ಬಂದ್ರು" ಎಂದು ಚಾ ಹೇಳುತ್ತಿದ್ದರು.

ಆ ದಿನ ಅವರ ಅಂಗಡಿಯ ಎದುರೇ ಆಯಿತು. ಎಡಗೈಯಲ್ಲಿ ಹ್ಯಾಂಡಲ್, ಬಲಗೈಯಲ್ಲಿ ಹಿಂದಿನ ಕಂಬಿ ಹಿಡಿದು, ಉಸಿರು ಕಟ್ಟಿ ಎಳೆದೆ. ಗಾಡಿ ಏಳಲಿಲ್ಲ. ನನ್ನ ಸೊಂಟದಲ್ಲಿ ಏನೋ ಕಳಕ್ಕೆಂದಿತು. ಬಗ್ಗಿದವನು ಬಗ್ಗಿದಲ್ಲೇ ಉಳಿದೆ. ಮೇಲೆ ಏಳಲಾಗದು, ಕೆಳಗೆ ಕೂರಲಾಗದು, ಮಾತಾಡಲು ಉಸಿರಿಲ್ಲ. ನನ್ನ ಮುಖ ನೆಲದ ಕಡೆಗಿತ್ತು. ಹಾಗಾಗಿ ದಾರಿಯಲ್ಲಿ ಹೋಗುವವರು ನಾನೇನೋ ಹುಡುಕುತ್ತಿದ್ದೇನೆ ಎಂದು ತಿಳಿದರು.

"ಎಂತ ಬಿತ್ತು ಸಾರ್? ಚಾವಿಯಾ?" ಎಂದು ಒಬ್ಬ ನನ್ನ ಪಕ್ಕದಲ್ಲೇ ಬಗ್ಗಿದ. ಇನ್ನೊಬ್ಬ ಉರ್ದುವಿನಲ್ಲಿ ಏನೋ ಹೇಳಿ ಮೊಬೈಲಿನ ಬೆಳಕು ಬಿಟ್ಟ. ಮೀನು ಕೊಂಡು ಹೋಗುತ್ತಿದ್ದ ಹೆಂಗಸೊಬ್ಬಳು ಚೀಲ ಕೆಳಗಿಟ್ಟು, "ಉಂಗ್ರ ಆಗಿರ್ಬೇಕು, ಚರಂಡಿ ಕಡೆ ನೋಡಿ" ಎಂದಳು. ನನ್ನ ಸುತ್ತ ಒಂದು ದೊಡ್ಡ ಗುಂಪೇ ಬಗ್ಗಿ ನಿಂತು ನೆಲ ನೋಡತೊಡಗಿತು. ಬಗ್ಗಿದವರಲ್ಲಿ ನೆಟ್ಟಗಾಗಲಾರದವನು ನಾನೊಬ್ಬನೇ ಎಂದು ಮೊದಲು ಗೊತ್ತಾದದ್ದು ಜಾಫರ್ ಭಾಯ್ ಅವರಿಗೆ. ಅವರು ಹೊರಗೆ ಬಂದು ನನ್ನ ಮುಖವನ್ನು ಕೆಳಗಿನಿಂದ ನೋಡಿ, ಎಲ್ಲರನ್ನೂ ಕಳಿಸಿ, ಒಳಗಿನಿಂದ ಒಂದು ಟ್ಯೂಬು ತಂದರು.

"ನಾಯ್ಕರೇ, ಇದು ನೀವೇ ಕೊಟ್ಟ ಮಾಲು. ಹಚ್ಲಾ?"

ಎಷ್ಟೋ ವರ್ಷ ಸಾವಿರಾರು ಜನರ ಎದುರು ಆ ಮುಲಾಮನ್ನು ಹೊಗಳಿದವನು ನಾನು. ಆ ಗಳಿಗೆಯಲ್ಲಿ ಬಾಯಿಂದ ಹೂಂ ಬರಲಿಲ್ಲ. ಅವರು ಹಚ್ಚಿಯೇ ಬಿಟ್ಟರು. ಸೊಂಟ ಇದ್ದ ಹಾಗೇ ಇತ್ತು, ಆದರೆ ಒಂದು ವಾರದಿಂದ ಕಟ್ಟಿದ್ದ ಮೂಗು ಬಿಟ್ಟಿತು.

ಖಾಲಿ ಮೀನಿನ ಪೆಟ್ಟಿಗೆ ತುಂಬಿಕೊಂಡು ಕುಮಟೆಗೆ ಹೊರಟಿದ್ದ ಗೂಡ್ಸ್ ರಿಕ್ಷಾವೊಂದರಲ್ಲಿ ಜಾಫರ್ ಭಾಯ್ ನನ್ನನ್ನೂ ಬೈಕನ್ನೂ ಹತ್ತಿಸಿದರು. ಬೈಕು ನಿಂತುಕೊಂಡು ಬಂತು, ನಾನು ಮಲಗಿಕೊಂಡು ಬಂದೆ. ಮನೆ ತಲುಪಿದಾಗ ನನ್ನನ್ನು ಮೊದಲು ಎದುರುಗೊಂಡದ್ದು ಬೆಕ್ಕು. ಆಮೇಲೆ ಸುಮಿತ್ರಾ.

ಅವಳು ಆ ಸಂಜೆ ಬಿಸಿನೀರಿನ ಚೀಲ ಇಟ್ಟಳು, ಗಂಜಿ ಕೊಟ್ಟಳು. ಮರುದಿನ ಡಾಕ್ಟರರಲ್ಲಿಗೆ ಕರೆದುಕೊಂಡು ಹೋದಳು. ಹೊಟ್ಟೆ ಇಳಿಸಿ, ದಿನಾ ನಡೆಯಿರಿ, ಭಾರ ಎತ್ತಬೇಡಿ ಎಂದರು ಅವರು. ಈ ಮಾತುಗಳನ್ನು ನಾನು ಕಾಯುವ ಬೆಂಚಿನಲ್ಲಿ ಕೂತು ಬೇರೆಯವರ ಪರವಾಗಿ ಎಷ್ಟೋ ಸಲ ಕೇಳಿದ್ದರಿಂದ ಗಂಭೀರವಾಗಿ ತಲೆಯಾಡಿಸಿದೆ. ಮನೆಗೆ ಬಂದ ಮೇಲೆ ಸುಮಿತ್ರಾ ಮಾತು ತೆಗೆದಳು.

"ಅಂಗಡಿ ಎದ್ರಿಗೆ ಆತು, ಜಾಫರ್ ಭಾಯ್ ಇದ್ರು. ಫೋರ್ ಲೇನ್ ನಡು ಮಧ್ಯೆ ಲಾರಿ ಎದ್ರಿಗೆ ಹಿಂಗಾದ್ರೆ ಎಂತ ಮಾಡೂದು?" ಎಂದಳು. ದನಿ ಗಟ್ಟಿಯಾಗಿತ್ತು, ಆದರೆ ಕಣ್ಣು ಬೇರೆ ಕಡೆಗಿತ್ತು. "ಚೌತಿ ಒಳಗೆ ನಮ್ಮ ಅಂಗಳದಲ್ಲಿ, ನನ್ನ ಕಣ್ಣೆದ್ರಿಗೆ, ನೀವೊಬ್ರೇ ಡಬಲ್ ಸ್ಟ್ಯಾಂಡ್ ಹಾಕ್ಬೇಕು. ಆದ್ರೆ ಗಾಡಿ ಇರ್ಲಿ. ಆಗದಿದ್ರೆ ಕೊಟ್ಟು, ಗುಂಡಿ ಒತ್ತೂ ಸ್ಕೂಟಿ ತಗಳಿ. ತಮ್ಮನ ಹತ್ರ ಹೇಳಿಟ್ಟಿದ್ದೆ ನಾನು."

ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಸ್ಕೂಟಿಯ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಆ ಬೈಕಿನ ಹಿಂದೆ ಕೂತೇ ಸುಮಿತ್ರಾ ನಮ್ಮ ಮನೆಗೆ ಬಂದಳು. ಕೊನೆಯ ವರ್ಷಗಳಲ್ಲಿ ಅಮ್ಮ ಅದರಲ್ಲೇ ಒಂದು ಕಡೆಗೆ ಕಾಲು ಹಾಕಿ ಕೂತು, ನನ್ನ ಭುಜ ಹಿಡಿದುಕೊಂಡು ಕಣ್ಣಿನ ಆಸ್ಪತ್ರೆಗೆ ಬರುತ್ತಿದ್ದಳು. ಈಗಲೂ ಗಾಡಿ ಹೊರಟ ಕೂಡಲೇ ಭುಜದ ಮೇಲೆ ಅವಳ ಕೈ ಇದೆ ಎಂದು ಒಂದು ಕ್ಷಣ ಅನ್ನಿಸುತ್ತದೆ. ಅದನ್ನು ಕಳೆದುಕೊಳ್ಳಲು ನನಗೆ ಇಷ್ಟವಿರಲಿಲ್ಲ. ಚೌತಿಗೆ ಇನ್ನೂ ತಿಂಗಳಿಗಿಂತ ಸ್ವಲ್ಪ ಹೆಚ್ಚು ಸಮಯವಿತ್ತು, ನನಗೋ ಮಗ್ಗುಲು ಬದಲಿಸಲೂ ಆಗುತ್ತಿರಲಿಲ್ಲ.

ಹೀಗೆ ಜಗಲಿಯಲ್ಲಿ ಚಾಪೆ ಹಾಸಿ ಮಲಗಿದ್ದಾಗ ಒಂದು ಬೆಳಿಗ್ಗೆ ಬೀರಣ್ಣ ಸೊಂಟ ಹಿಡಿದುಕೊಂಡು ಬಂದ.

"ಎಂತ ಆತು, ಮಲ್ಗಿದ್ಯಲ್ಲ?"

"ಸೊಂಟ ಹಿಡ್ದದೆ ಮಾರಾಯಾ."

"ನಂದೂ ಅದೇ!" ಎಂದ ಬೀರಣ್ಣ, ಜೊತೆ ಸಿಕ್ಕಿದ ಖುಷಿಯಲ್ಲಿ. ಆಮೇಲೆ ಸ್ವಲ್ಪ ಯೋಚಿಸಿ, "ನೀ ಏಳೂದೇನ್ ಬ್ಯಾಡ. ಕಾಲೊಂದ್ ಚಾಚು, ಸಾಕು" ಎಂದ. ನಾನು ಚಾಚಿದೆ. ಅವನು ನನಗೆ ಬೆನ್ನು ಮಾಡಿ ಕೂತು, ತಾನೇ ಹಿಂದೆ ಮುಂದೆ ಆಗಿ ನನ್ನ ಪಾದಕ್ಕೆ ಮೂರು ಸಲ ಸೊಂಟ ತಟ್ಟಿಸಿಕೊಂಡ. "ಆತು ನೋಡು!" ಎಂದು ನೆಟ್ಟಗೆ ಎದ್ದು ನಿಂತ. ನಾನು ಮಲಗಿದಲ್ಲೇ ಇದ್ದೆ. ಇಂಥ ಅನ್ಯಾಯ ಬೇರೆ ಯಾವ ವೈದ್ಯನಿಗೂ ಆಗಿರಲಾರದು.

"ಅಲ್ಲಾ, ಊರಿಗೆಲ್ಲಾ ನೀ ಒದಿತೆ. ನಿಂಗೆ ಒದಿಯೂದು ಯಾರು?" ಎಂದು ಬೀರಣ್ಣ ಕೇಳಿದ.

"ಒದಿಯೂಕೆ ಜನ ಬೇಕಾರೆ ಹೇಳಿ, ಸಾಲು ನಿಲ್ಲಿಸ್ತೆ" ಎಂದು ಒಳಗಿನಿಂದ ಸುಮಿತ್ರಾ.

ಬೀರಣ್ಣ ಮಾತ್ರ ನಗಲಿಲ್ಲ. ಅವನ ತಂಗಿಯನ್ನು ಕೊಟ್ಟದ್ದು ಹೊನ್ನಾವರದ ಆಚೆ, ಶರಾವತಿ ಸೇತುವೆ ದಾಟಿದರೆ ಸಿಗುವ ಕಾಸರಕೋಡಿಗೆ. ಅಲ್ಲಿ ದೇವಕ್ಕ ಎಂಬ ಮೀನು ಮಾರುವ ಹೆಂಗಸಿದ್ದಾಳೆ, ಅವಳೂ ಕಾಲು ಮುಂದಾಗಿ ಹುಟ್ಟಿದವಳು ಎಂದ. ಹೇಳಿ ಮುಗಿಸಿ ಅಭ್ಯಾಸಬಲದಿಂದ ಬೈಕಿನ ಕಡೆ ನೋಡುತ್ತ ನಿಂತ. ಬಿಟ್ಟು ಬರಲು ಯಾರೂ ಇಲ್ಲದ್ದರಿಂದ ಕೊನೆಗೆ ನಡೆದುಕೊಂಡೇ ಗದ್ದೆಮನೆಗೆ ಹೋದ.

ಎರಡು ವಾರ ಕಳೆದು ನನಗೆ ಎದ್ದು ಕೂರಲು ಬಂದ ಕೂಡಲೇ ನಾನೂ ಸುಮಿತ್ರಾಳೂ ಬೆಳಗಿನ ಮೊದಲ ಬಸ್ಸಿಗೆ ಕಾಸರಕೋಡಿಗೆ ಹೋದೆವು. ಚಾ ಕುಡಿದಿರಲಿಲ್ಲ. ದೇವಕ್ಕನನ್ನು ನೋಡಿದ ಕೂಡಲೇ ಗುರುತು ಹತ್ತಿತು. ಹೊನ್ನಾವರದ ಪೇಟೆಯಲ್ಲಿ ಎಷ್ಟೋ ಸಲ ಅವಳ ಹತ್ತಿರ ಚೌಕಾಶಿ ಮಾಡಿ ಸೋತಿದ್ದೆ. ಎಪ್ಪತ್ತು ದಾಟಿರಬೇಕು, ಸೊಂಟ ಬಾಗಿತ್ತು, ದನಿ ಮಾತ್ರ ನೆಟ್ಟಗಿತ್ತು. ನಾನು ಎಲ್ಲ ಹೇಳಿದೆ.

"ನೀನೂ ಕಾಲು ಮುಂದಾದವ್ನೇ?" ಎಂದು ಅವಳು ನನ್ನ ಕಾಲನ್ನೇ ನೋಡಿದಳು. "ಒದ್ದಾದ ಮೇಲೆ ಎಂತ ಮಾಡ್ತೆ?"

"ಬೈಕಲ್ಲಿ ಕೂರ್ಸ್ಕಂಡು ಮನೆ ತಂಕಾ ಬಿಟ್ಟು ಬರ್ತೆ."

ದೇವಕ್ಕ ನಗಲು ಸುರು ಮಾಡಿದವಳು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು. "ಅಯ್ಯೋ ತಮ್ಮಾ, ಒದೆಸ್ಕಂಡವ್ರು ನಡ್ಕಂಡೇ ಹೋಗ್ಬೇಕು! ಗಾಡಿ ಹತ್ತೂಕೇ ಇಲ್ಲ. ಬಿಟ್ ಹೋದ ನೋವನ್ನ ನೀನೇ ಮತ್ತೆ ಹಿಂದೆ ಕೂರ್ಸ್ಕಂಡು ಮನೆಗೆ ಮುಟ್ಸ್ತಿದ್ಯಲ್ಲ. ನಿನ್ನ ಅಮ್ಮ ಹೇಳಲಿಲ್ವನಾ?"

ಅಮ್ಮ ಹೇಳಿರಲಿಲ್ಲ. ಆಗ ಹೊಳನಗದ್ದೆಯಲ್ಲಿ ನಡೆಯದೆ ಹೋಗುವುದಕ್ಕೆ ಯಾರ ಹತ್ತಿರ ಏನಿತ್ತು? ಎಲ್ಲರೂ ನಡೆದೇ ಬರುತ್ತಿದ್ದರು, ನಡೆದೇ ಹೋಗುತ್ತಿದ್ದರು. ಹೇಳಬೇಕಾದ ಮಾತು ಅದು ಎಂದು ಅವಳಿಗೆ ಹೊಳೆದಿರಲಿಕ್ಕಿಲ್ಲ. ಬೀರಣ್ಣನ ಸೊಂಟ ಎಂಟು ಹತ್ತು ದಿನಕ್ಕೊಮ್ಮೆ ಯಾಕೆ ಹಿಡಿಯುತ್ತಿತ್ತು, ಕಳೆದ ಸಲ ನಡೆದು ಹೋದವನು ಮತ್ತೆ ಯಾಕೆ ಬಂದಿಲ್ಲ ಎಂದು ನನಗೆ ಒಮ್ಮೆಗೇ ತಿಳಿಯಿತು. ಸುಮಿತ್ರಾ ಸೆರಗು ಬಾಯಿಗೆ ಹಿಡಿದು ಆಚೆ ತಿರುಗಿ ನಿಂತಿದ್ದಳು. ಅವಳ ಭುಜ ಕುಣಿಯುತ್ತಿತ್ತು.

"ಹಂಗಾರೆ ನಂಗೆ ಒದಿ ದೇವಕ್ಕ" ಎಂದೆ, ಸೋತು.

"ಮೊದ್ಲು ನೀ ನಂಗೆ ಒದಿ" ಎಂದಳು ಅವಳು.

ನಾನು ಅವಳ ಮುಖ ನೋಡಿದೆ. ಅವಳಿನ್ನೂ ನಗುತ್ತಲೇ ಇದ್ದಳು. "ಹುಟ್ಟಿದ್ ದಿನದಿಂದ ಮಂದಿಗೆ ಒದ್ದೆ. ನನ್ನ ಸೊಂಟ ಹಿಡ್ದು ಯಾವ ಕಾಲಾತು, ನಂಗೆ ಒದಿಯೂಕೆ ಒಬ್ರೂ ಸಿಕ್ಕಲಿಲ್ಲ ತಮ್ಮಾ. ಯಾರತ್ರ ಹೇಳೂದು? ಇವ್ಳಿಗೇ ಸೊಂಟ ನೋವಂತೆ ಅಂತ ನಗಾಡ್ತ್ರು." ಅವಳು ಹೇಳಿದ್ದು ತಮಾಷೆಯಾಗಿಯೇ. ನನಗೆ ನಗಲು ಆಗಲಿಲ್ಲ. ಕಳೆದ ಕೆಲವು ದಿನಗಳಿಂದ ಚಾಪೆಯ ಮೇಲೆ ನಾನು ಅನುಭವಿಸಿದ್ದನ್ನು ಅವಳು ಎಷ್ಟು ವರ್ಷಗಳಿಂದ ಮೀನಿನ ಬುಟ್ಟಿಯ ಜೊತೆ ಹೊತ್ತು ತಿರುಗಿದ್ದಳು.

ಹೀಗೆ, ದೇವಕ್ಕನ ಅಂಗಳದಲ್ಲಿ, ಸುಮಿತ್ರಾಳ ಸಾಕ್ಷಿಯಲ್ಲಿ, ನಾವಿಬ್ಬರೂ ಒಬ್ಬರಿಗೊಬ್ಬರು ಒದ್ದುಕೊಂಡೆವು. ಮೊದಲು ಅವಳು ತೆಂಗಿನಮರ ಹಿಡಿದು ನಿಂತಳು. ದೊಡ್ಡವರ ಬೆನ್ನಿಗೆ ಕಾಲು ತಾಗಿಸುವಾಗ ಮನಸ್ಸಿನಲ್ಲೇ ಕೈಮುಗಿದೆ. ಆಮೇಲೆ ಮರ ನನ್ನ ಪಾಲಿಗೆ ಬಂತು. ಅವಳ ಪಾದ ಬಹಳ ಸಣ್ಣದು, ತಣ್ಣಗಿತ್ತು. ನನಗೆ ಯಾರಾದರೂ ಹೀಗೆ ಮಾಡಿದ್ದು ಅದೇ ಮೊದಲು. ಇಷ್ಟು ಕಾಲ ಜನ ನನ್ನ ಜಗಲಿಯಲ್ಲಿ ಏನು ಪಡೆದುಕೊಂಡು ಹೋಗುತ್ತಿದ್ದರು ಎಂದು ಅವತ್ತು ಗೊತ್ತಾಯಿತು.

"ಇನ್ನು ಹೊರಡು. ನಿಮ್ಮೂರು ದೂರ ಆತು, ಕಡೇಪಕ್ಷ ಬ್ರಿಜ್ ದಾಟೂ ತಂಕಾ ನಡಿ. ನಾನೂ ನಡೀಬೇಕಲ್ಲ" ಎಂದು ದೇವಕ್ಕ ಕಡಲಿನ ಕಡೆ ಹೊರಟಳು. ನಾನು ಸೇತುವೆಯ ಕಡೆ ಹೊರಟೆ. ಇಬ್ಬರೂ ಹಿಂದೆ ನೋಡುವ ಹಾಗಿಲ್ಲ. ಹಿಂದೆ ನೋಡಬಹುದಾದವಳು ಸುಮಿತ್ರಾ ಒಬ್ಬಳೇ. ಅವಳು ನನ್ನ ಜೊತೆ ನಡೆಯುತ್ತ ಆಗಾಗ ತಿರುಗಿ ವರದಿ ಕೊಡುತ್ತಿದ್ದಳು: "ಹೋಗ್ತಾ ಇದ್ರು... ಕೈ ಸೊಂಟದ ಮೇಲಿಲ್ಲ... ಈಗ ಸ್ವಲ್ಪ ನೆಟ್ಟಗಾದಾಂಗೆ ಕಾಣ್ತು."

ಶರಾವತಿಯ ಸೇತುವೆಯನ್ನು ನಾನು ಬೈಕಿನಲ್ಲಿ ಎಷ್ಟು ಸಲ ದಾಟಿದ್ದೇನೋ ಲೆಕ್ಕವಿಲ್ಲ. ನಡೆದು ದಾಟಿದ್ದು ಅದೇ ಮೊದಲು. ಅದು ಅಷ್ಟು ಉದ್ದ ಇದೆ ಎಂದೇ ಗೊತ್ತಿರಲಿಲ್ಲ. ಕೆಳಗೆ ದೋಣಿಯವರು ಕೊಂಕಣಿಯಲ್ಲಿ ಜಗಳವಾಡುತ್ತಿದ್ದದ್ದು, ನಡುವೆ ಗಾಳಿ ಬೇರೆಯೇ ಆಗಿ ಉಪ್ಪು ನಾತ ಬರುವುದು, ಅಳಿವೆಯ ಕಡೆ ನೀರಿನ ಬಣ್ಣ ಬದಲಾಗುವುದು, ಇದೆಲ್ಲ ನನ್ನ ರಸ್ತೆಯಲ್ಲೇ ಇದ್ದು ನನಗೆ ಕಾಣದೆ ಹೋಗಿತ್ತು. ನಡುವೆ ಒಬ್ಬ ಬೈಕಿನವನು ಪಾಪ ಎನ್ನಿಸಿ ನಮಗೆ ಹಾರ್ನ್ ಹೊಡೆದು ಹೋದ. ನನಗೆ ಆಗಬೇಕಾದದ್ದೇ.

ಅವತ್ತಿನಿಂದ ನಡಿಗೆ ಹತ್ತಿತು. ಡಾಕ್ಟರರು ಹೇಳಿದಾಗ ನಡೆಯದವನು ದೇವಕ್ಕ ಹೇಳಿದ್ದಕ್ಕೆ ನಡೆದೆ ಎಂದು ಸುಮಿತ್ರಾ ಈಗಲೂ ಆಡಿಕೊಳ್ಳುತ್ತಾಳೆ. ಬೆಳಿಗ್ಗೆ ಹೊಳನಗದ್ದೆಯ ಗದ್ದೆಬದಿಯಲ್ಲಿ ಕಡಲಿನ ತನಕ ಹೋಗಿ ಬರುತ್ತಿದ್ದೆ. ಖರ್ಜೂರಕ್ಕೆ ಕೈ ಮುಗಿದೆ, ಬಿರಿಯಾನಿಗೆ ಅರ್ಧ ಕೈ ಮುಗಿದೆ. ಕೆಲಸಕ್ಕೆ ಕೆಲವು ದಿನ ಬಸ್ಸಿನಲ್ಲೇ ಹೋದೆ. ಟ್ಯಾಂಕಿನ ಮೇಲಿನ ಮಗು ಮೆಲ್ಲಗೆ ಇಳಿಯತೊಡಗಿತು. ಜಗಲಿಗೆ ಬಂದವರಿಗೆ ಒದ್ದು, "ನಡ್ಕಂಡೇ ಹೋಗಿ" ಎಂದು ಕೈ ಕಟ್ಟಿ ನಿಂತೆ. ನಾಯ್ಕರಿಗೆ ಈಗ ಗರ್ವ ಬಂದಿದೆ ಎಂದು ಊರಿನಲ್ಲಿ ಸುದ್ದಿಯಾಯಿತು.

ಚೌತಿಯ ಮುಂಚಿನ ದಿನ ಬೆಳಿಗ್ಗೆ ಸುಮಿತ್ರಾ ಅಂಗಳ ಗುಡಿಸಿ ಮುಗಿಸಿ, ಕಸಬರಿಗೆ ಹಿಡಿದುಕೊಂಡೇ ನಿಂತು, "ಹೂಂ, ಹಾಕಿ ಕಾಂಬ" ಎಂದಳು. ಗಾಡಿಯನ್ನು ನಡುವೆ ತಂದು ನಿಲ್ಲಿಸಿದೆ. ಹ್ಯಾಂಡಲ್ ಹಿಡಿದೆ, ಕಂಬಿ ಹಿಡಿದೆ, ಎಳೆದೆ. ಗಾಡಿ ಒಂದಿಷ್ಟು ಎದ್ದು ಮತ್ತೆ ಕೂತಿತು. ಸೊಂಟದಲ್ಲಿ ಹಳೆಯ ಕಳಕ್ಕಿನ ನೆನಪು ಹಾದುಹೋಯಿತು. ಇನ್ನೊಮ್ಮೆ ಎಳೆಯಲು ಧೈರ್ಯ ಬರಲಿಲ್ಲ. ಮುಗಿಯಿತು, ನಾಳೆ ಸುಮಿತ್ರಾಳ ತಮ್ಮ ಸ್ಕೂಟಿ ತರುತ್ತಾನೆ ಅಂದುಕೊಂಡೆ. ನಾಚಿಕೆಯಾಗದೆ ಹೇಳುತ್ತೇನೆ, ಕಣ್ಣಲ್ಲಿ ನೀರು ಬಂತು.

ಸುಮಿತ್ರಾ ಕಸಬರಿಗೆಯನ್ನು ಗೋಡೆಗೆ ಒರಗಿಸಿದಳು. ಆಮೇಲೆ, "ಕೈಯಿಂದ ಎಳಿಯೂದ್ ಎಂತಕ್ಕೆ?" ಎಂದಳು. "ಊರಿಗೆಲ್ಲಾ ಒದ್ದ ಕಾಲಲ್ವನಾ ಅದು? ಸ್ಟ್ಯಾಂಡಿನ ಮೇಲೆ ಪೂರ್ತಿ ಭಾರ ಬಿಟ್ಟು ತುಳೀರಿ."

ಬಲಗಾಲನ್ನು ಸ್ಟ್ಯಾಂಡಿನ ಮೇಲಿಟ್ಟು, ಕೈ ಸಡಿಲ ಬಿಟ್ಟು, ಮೈಯನ್ನೆಲ್ಲ ಪಾದಕ್ಕೆ ಇಳಿಸಿ ತುಳಿದೆ. ಗಾಡಿ ತನ್ನಷ್ಟಕ್ಕೆ ಹಿಂದೆ ಸರಿದು ಎರಡು ಕಾಲಿನ ಮೇಲೆ ಠಕ್ಕನೆ ಕೂತಿತು. ಇಷ್ಟು ವರ್ಷ ನಾನು ಅದನ್ನು ಸೊಂಟದಿಂದ ಎತ್ತುತ್ತಿದ್ದೆ.

"ನೀನೇ ಶರತ್ತು ಹಾಕಿ ನೀನೇ ಹೇಳಿಕೊಟ್ಟೆಯಲ್ಲ" ಎಂದೆ.

"ಗಾಡಿ ಹೋದ್ರೆ ಮೋರೆ ಉಬ್ಬಿಸ್ಕಂಡು ಮನೇಲೇ ಕೂರ್ತಿದ್ರಿ. ಅದು ನಂಗೆ ಇನ್ನೂ ಕಷ್ಟ" ಎಂದು ನಗುತ್ತ ಅವಳು ಕಸದ ಬುಟ್ಟಿ ಎತ್ತಲು ಬಗ್ಗಿದಳು. ಎದ್ದೇಳುವಾಗ ಒಂದು ಕೈ ಸೊಂಟಕ್ಕೆ ಹೋಯಿತು. ಕ್ಷಣ ಹೊತ್ತು ಹಾಗೇ ನಿಂತಳು. ದಿನಾ ಕಾಣುವುದೇ ಅದು. ಆದರೆ ದೇವಕ್ಕನ ಅಂಗಳದಿಂದ ಬಂದ ಮೇಲೆ ನನ್ನ ಕಣ್ಣು ಸ್ವಲ್ಪ ಬೇರೆಯಾಗಿತ್ತು.

"ನಿನ್ನ ಸೊಂಟಕ್ಕೆ ಎಂತ ಆತು?"

"ಇದೇನ್ ಹೊಸ್ತಲ್ಲ."

"ಎಷ್ಟು ಕಾಲದಿಂದ?"

ಅವಳು ಬುಟ್ಟಿಯನ್ನು ಇನ್ನೊಂದು ಕೈಗೆ ದಾಟಿಸಿದಳು. ಹೆಂಗಸರು ಕೆಣಕಿದಾಗ ಅವಳು ಕೊಡುತ್ತಿದ್ದ ಹಳೆಯ ಉತ್ತರ, ಅವರ ನಗು, ಅದಕ್ಕೆ ಸೇರಿಸಿದ ನನ್ನ ನಗು ಎಲ್ಲ ನೆನಪಾಯಿತು. ಊರವರ ಬೆನ್ನನ್ನೆಲ್ಲ ಗುರುತು ಹಿಡಿಯುವ ನನಗೆ ಮನೆಯೊಳಗಿನ ಬೆನ್ನು ಕಂಡಿರಲಿಲ್ಲ. ಬಹಳ ಬೇಜಾರಾಯಿತು.

"ಯಾರಾದ್ರೂ ನೋಡ್ತ್ರು" ಎಂದಳು ಅವಳು, ನಾನು ಬಾಯಿ ತೆರೆಯುವ ಮೊದಲೇ.

"ಎಲ್ಲರೂ ಚೌತಿ ಪೇಟೆಗೆ ಹೋಗಿದ್ದಾರೆ. ಚಾ ಕುಡಿದ್ಯಾ?"

"ಇಲ್ಲ."

ಅವಳು ರಸ್ತೆಯ ಕಡೆಗೊಮ್ಮೆ ನೋಡಿದಳು. ಆಮೇಲೆ ಡಬಲ್ ಸ್ಟ್ಯಾಂಡಿನ ಮೇಲೆ ನಿಂತಿದ್ದ ಬೈಕಿನ ಸೀಟು ಹಿಡಿದುಕೊಂಡು ನನಗೆ ಬೆನ್ನು ಮಾಡಿ ನಿಂತಳು. ಗಾಡಿ ಅಲುಗಲಿಲ್ಲ. ನಾನು ಚಪ್ಪಲಿ ಬಿಟ್ಟು, ಕಾಲು ತೊಳೆದು ಬಂದು, ಜೀವಮಾನದಲ್ಲಿ ಯಾರಿಗೂ ಮಾಡದಷ್ಟು ಮೆಲ್ಲಗೆ ಮೂರು ಸಲ ಪಾದ ತಾಗಿಸಿದೆ. ಬಚ್ಚಲ ಕಿಟಕಿಯ ರಬ್ಬರನ್ನು ಅವಳು ಕಸಕ್ಕೆ ಹಾಕದೆ ಬಿಡುವುದು ಆ ಬೆಳಗಿನಿಂದಲೇ. ಅವಳು ಅಂಗಳ ದಾಟಿ ಗದ್ದೆಯ ದಾರಿ ಹಿಡಿದಳು. ನಾನು ಹಿಂದೆಯೇ ಹೊರಟೆ. ಕಿಸೆಯಲ್ಲಿದ್ದ ಬೈಕಿನ ಚಾವಿ ಸದ್ದು ಮಾಡಿತು.

"ಬೈಕ್ ತಂದ್ರೆ ನೋಡಿ!" ಎಂದಳು, ತಿರುಗದೆ.

"ಇಲ್ಲ, ನಡ್ಕಂಡೇ ಬರ್ತಿದ್ದೆ."

"ಮತ್ತೆ ಹಿಂದೆ ಎಂತಕ್ಕೆ? ಪಕ್ಕಕ್ಕೆ ಬನ್ನಿ. ನಂಗೆ ಇವತ್ತು ತಿರುಗಿ ನೋಡೂಕಿಲ್ಲ."